ಉಜ್ಜಬೇಕಿದ್ದ ಕಲ್ಲು

ಹೆಣದ ಕಾಲ ಬಳಿ ಚಹಾ ಚೆಲ್ಲಿತ್ತು. ಸ್ಟೀಲಿನ ಲೋಟ ಉರುಳಿ ಗೋಡೆಗೆ ತಾಗಿ ನಿಂತಿತ್ತು. ಹವಾಲ್ದಾರ ಸಂಗು ಅದನ್ನು ದಾಟಿ ಒಳಗೆ ಕಾಲಿಟ್ಟ.

ಇಂಡಿ ಊರಿನ ಹಳೆ ಪೇಟೆಯ ಈ ಕಲ್ಲಚ್ಚಿನ ಪ್ರೆಸ್ಸು ಅವನಿಗೆ ಹೊಸದಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅವನ ಲಗ್ನಪತ್ರಿಕೆ ಇಲ್ಲೇ ಅಚ್ಚಾಗಿತ್ತು. ಆವತ್ತು ಒಂದು ಕಲ್ಲಿನ ಹತ್ತಿರ ಹೋದದ್ದಕ್ಕೆ ಮುರ್ತುಜಾಸಾಬ ಬಾಗಿಲ ತನಕ ಬೈದುಕೊಂಡೇ ಕಳಿಸಿದ್ದ. ಈಗ ಅದೇ ಮುರ್ತುಜಾಸಾಬ ಅಚ್ಚಿನ ಯಂತ್ರದ ಬುಡದಲ್ಲಿ ಬೋರಲು ಬಿದ್ದಿದ್ದ. ವಯಸ್ಸು ಎಪ್ಪತ್ತೆರಡು. ತಲೆಯ ಹಿಂಭಾಗ ಒಡೆದಿತ್ತು. ಭುಜಕ್ಕೆ ತಾಗಿ ಒಂದು ಕಲ್ಲು ಬಿದ್ದಿತ್ತು — ಮೊಳದಷ್ಟು ಉದ್ದ, ನಾಲ್ಕು ಬೆರಳು ದಪ್ಪ. ಮೇಲಿನ ಹಲಗೆಯಲ್ಲಿ ಅಷ್ಟೇ ಜಾಗ ಖಾಲಿ.

ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ತುಂಬ ಬೂದು ಬಣ್ಣದ ಕಲ್ಲುಗಳು. ನೂರು ವರ್ಷದ ಹಿಂದೆ ಜರ್ಮನಿಯಿಂದ ಹಡಗು ಹತ್ತಿ ಮುಂಬೈಗೆ ಬಂದಿಳಿದಿದ್ದ ಕಲ್ಲುಗಳು. ಒಂದೊಂದರ ಮೇಲೂ ತಿರುಗುಮುರುಗಾದ ಅಕ್ಷರ, ತಿರುಗುಮುರುಗಾದ ಮುಖ. ಗೋರಿಗಳನ್ನು ಕಿತ್ತು ತಂದು ಜೋಡಿಸಿಟ್ಟ ಹಾಗಿತ್ತು. ಮಧ್ಯಾಹ್ನ ಎರಡು ಗಂಟೆಯಿಂದ ಕರೆಂಟಿರಲಿಲ್ಲ. ಮಾರ್ಚಿನ ಸೆಕೆ ಒಳಗೇ ಕೂತಿತ್ತು.

"ಹಲಗಿ ಜಾರೇತ್ರಿ ಮೇಡಂ. ಮುದುಕ ಕೆಳಗ ಇದ್ದ. ಮುಗೀತು," ಎಂದ ಸಂಗು. ಬಗ್ಗಿ, ಕಲ್ಲಿನ ಮೇಲೆ ಅಂಗೈ ಊರಿ, ಅದನ್ನು ಎತ್ತಿ ಪಕ್ಕಕ್ಕಿಟ್ಟ.

"ಸಂಗಣ್ಣಾ! ಯಾಕ ಮುಟ್ಟಿದ್ರಿ?"

ಪಿಎಸ್‌ಐ ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. ಮುದ್ದೇಬಿಹಾಳದ ಕಡೆಯವಳು, ವಯಸ್ಸು ಮೂವತ್ತೆರಡು. ಸಂಗುವಿನ ನೌಕರಿಯೇ ಅವಳ ವಯಸ್ಸಿನ ಹತ್ತಿರ ಬಂದಿತ್ತು. ಆದರೂ ಅವಳು ಬೈದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಬೈಗುಳದಲ್ಲೂ ಅಣ್ಣ ಅನ್ನುತ್ತಿದ್ದಳಲ್ಲ!

"ಇನ್ನ ಏನೂ ಮುಟ್ಟಬ್ಯಾಡ್ರಿ. ನಾ ಹೇಳಿದ್ದು ಬರಕೊಳ್ರಿ."

ಸಂಗು ಬರೆದುಕೊಂಡ. ಯಂತ್ರದ ಮೇಲೆ ಒಂದು ದೊಡ್ಡ ಕಲ್ಲು — ಇಬ್ಬರಿಂದಲೂ ಎತ್ತಲಾಗದ್ದು. ಅದರ ಮೇಲೆ ಲಿಂಬೆಹಣ್ಣಿನ ಬುಟ್ಟಿ ಹೊತ್ತು ಹಿಂದಿರುಗಿ ನೋಡುವ ಹೆಂಗಸಿನ ಚಿತ್ರ. ಕಲ್ಲಿನ ಮುಖದ ಮೇಲೆ ಗಾಜಿನ ಹಾಗೆ ಹೊಳೆಯುವ ತೆಳುವಾದ ಒಣ ಪದರ. ಪಕ್ಕದಲ್ಲಿ ರೋಲರ್, ಮಸಿ ಹಸಿಯಾಗಿಯೇ ಇದೆ. ತಂತಿಗೆ ನೇತುಹಾಕಿದ ಹೊಸ ಅಚ್ಚುಗಳು ಮೂವತ್ತೊಂದು. ಮೇಜಿನ ಮೇಲೆ ನೀರು ಚಿಮುಕಿಸಿಟ್ಟಿದ್ದ ಖಾಲಿ ಹಾಳೆಗಳ ಕಟ್ಟು, ಈಗ ಒಣಗಿ ಹಪ್ಪಳದಂತೆ ಸುರುಳಿ. ಅದರ ಮೇಲೆ ಮುಚ್ಚುವ ಗೋಣಿ ತಟ್ಟು ನೆಲದಲ್ಲಿ. ಕಿಟಕಿಯಲ್ಲಿ ಗೋಂದಿನ ಬಟ್ಟಲು. ಮೊಳೆಗೆ ಒಂದು ಒರಸುವ ಬಟ್ಟೆ.

ಸುವರ್ಣಾ ಆ ಬಟ್ಟೆಯನ್ನು ಪೆನ್ನಿನ ತುದಿಯಿಂದ ಅಲುಗಿಸಿದಳು. ಅದು ಮೆತ್ತಗೆ ಜೋಲಾಡಿತು.

ಆಮೇಲೆ ದೊಡ್ಡ ಕಲ್ಲಿನ ಮೇಲೆ ಬಗ್ಗಿದಳು. ಚಿತ್ರದಿಂದ ಎರಡು ಬೆರಳು ಆಚೆ, ಕಲ್ಲಿನ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಮೊಬೈಲಿನಲ್ಲಿ ಫೋಟೊ ಹೊಡೆದು, ಅದನ್ನು ತಿರುವಿ ಓದಿಕೊಂಡಳು. ಫೋನನ್ನು ಕಿಸೆಗೆ ಹಾಕಿದಳು.

ಹೆಣ ಕಂಡವಳು ಮಗಳು ಗುಲನಾಜ. ಹೈಸ್ಕೂಲ್ ಮೇಷ್ಟರಿಕೆ ಮಾಡುವವಳು. ಶುಕ್ರವಾರದ ಪರೀಕ್ಷೆಯ ಡ್ಯೂಟಿ ಮುಗಿಸಿ, ಐದು ಗಂಟೆಗೆ ಅಪ್ಪನಿಗೆ ಚಹಾ ತಂದಿದ್ದಳು. ಈಗ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

"ಹೊರಗ ನಿಂತಾಗೇ ಗೊತ್ತಾತ್ರಿ," ಎಂದಳು. "ಯಂತ್ರದ ಸಪ್ಪಳ ಇರಲಿಲ್ಲ."

*

ಡಾಕ್ಟರು ಶನಿವಾರ ಮಧ್ಯಾಹ್ನ ಎರಡು ಮಾತು ಹೇಳಿದರು. ಎರಡೂ ಚಲೋ ಮಾತಲ್ಲ.

ಮೇಲಿನಿಂದ ಬಿದ್ದ ಕಲ್ಲು ನೆತ್ತಿಗೆ ತಾಗಬೇಕು. ಗಾಯ ಇದ್ದದ್ದು ತಲೆಯ ಹಿಂದೆ, ಕುತ್ತಿಗೆಯ ಹತ್ತಿರ. ಮುರ್ತುಜಾಸಾಬ ಹಿಂದಕ್ಕೆ ಬಿದ್ದು, ಯಂತ್ರದ ಕಬ್ಬಿಣದ ಮೂಲೆಗೆ ತಲೆ ಹೊಡೆದುಕೊಂಡಿದ್ದ. ಇದು ಒಂದು. ಬಿದ್ದ ಮೇಲೆ ಕಡಿಮೆ ಅಂದರೂ ಅರ್ಧ ತಾಸು ಉಸಿರಿತ್ತು. ಇದು ಎರಡು.

"ಹಿಂದಕ್ಕ ಬಿದ್ದಾವ ಬೋರಲ ಹ್ಯಾಂಗ ಆದ?" ಎಂದಳು ಸುವರ್ಣಾ, ಜೀಪಿನಲ್ಲಿ. "ಯಾರೋ ಹೊಳ್ಳಿಸ್ಯಾರ. ಕಲ್ಲು ತಂದು ಪಕ್ಕದಾಗ ಇಟ್ಟಾರ."

ಯಾರು? ಊರಿಗೆ ಉತ್ತರ ಆಗಲೇ ಗೊತ್ತಿತ್ತು. ಮಗ ತೌಸಿಫ. ಅದೇ ಕಟ್ಟಡದ ಮುಂದಿನ ಕೋಣೆಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಗುರುವಾರ ಅಪ್ಪ ಮಗ ಜಗಳವಾಡಿದ್ದನ್ನು ಎದುರು ಮನೆಯ ಪೀರಬಿ ಕಿವಿಯಾರೆ ಕೇಳಿದ್ದಳು. ಕೇಳಿದ್ದನ್ನು ಓಣಿಯ ಅಷ್ಟೂ ಮನೆಗೆ ಮುಟ್ಟಿಸಿದ್ದಳು.

ಭಾನುವಾರ ಮುಂಜಾನೆ ತೌಸಿಫನನ್ನು ಠಾಣೆಗೆ ಕರೆಸಿದರು. ಸಂಜೆಯೊಳಗೆ ಬಂಧನ ತೋರಿಸಿ ಎಂದು ಮೇಲಿನಿಂದ ಫೋನ್ ಬಂದಿತ್ತು. ಗುಲನಾಜ ಠಾಣೆಯ ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪನ ಮಣ್ಣಾಗಿ ಇನ್ನೂ ಒಂದು ದಿನ ಆಗಿರಲಿಲ್ಲ.

"ಅಪ್ಪನ ಜೋಡಿ ಜಗಳ ಮಾಡಿದ್ದಿ?" ಸುವರ್ಣಾ ಕೇಳಿದಳು.

"ಮಾಡೇನ್ರಿ. ದಿನಾ ಮಾಡ್ತಿದ್ನಿ."

"'ಈ ಕಲ್ಲ ಒಂದಿನ ನಿನ್ನ ತಲಿ ಮ್ಯಾಲ ಬೀಳ್ತಾವ' ಅಂದಿದ್ದಿ?"

ತೌಸಿಫ ತಲೆ ತಗ್ಗಿಸಿದ. "ಅಂದೇನಿ."

"ಯಾಕ?"

"ಹಲಗಿಗೆ ಗೆದ್ದಲ ಹತ್ತೈತ್ರಿ. ನಾಕು ಟನ್ ಕಲ್ಲ ಅದರ ಮ್ಯಾಲ! ಬದಲಿ ಮಾಡ್ಸು ಅಂದ್ರ ಕೇಳವಲ್ಲ. ಮತ್ತೇನನ್ಲಿ?"

"ಶುಕ್ರವಾರ ಮಧ್ಯಾಹ್ನ?"

"ಸಿಂದಗಿಗೆ ಹೋಗಿದ್ನಿ. ಬ್ಯಾನರ್ ಕೊಡಾಕ. ಅಲ್ಲಿ ಗಿರಾಕಿ ಅಂಗಡಿ ಬಾಗಲಾ ಹಾಕಿತ್ತು. ಹೊಳ್ಳಿ ಬಂದ್ನಿ."

"ಯಾರು ನೋಡ್ಯಾರ?"

"ಯಾರೂ ಇಲ್ರಿ."

ಸಂಗು ಮನಸ್ಸಿನಲ್ಲೇ ಕಡತ ಕಟ್ಟಿದ. ಇಂಥ ಉತ್ತರ ಕೊಟ್ಟವರನ್ನು ಅವನು ಬಹಳ ನೋಡಿದ್ದ. ಅರ್ಧ ಮಂದಿ ಕಳ್ಳರು, ಉಳಿದರ್ಧ ನತದೃಷ್ಟರು.

"ಕಲ್ಲಿನ ಕೆಲಸ ಬರತೈತೇನು ನಿನಗ?"

"ಇಲ್ರಿ. ಸಾಲ್ಯಾಗ ಆರನೇತ್ತೆ ಇದ್ದಾಗ ಒಂದು ಕಲ್ಲ ಮುಟ್ಟಿ ಕಪಾಳಕ್ಕ ತಿಂದಿದ್ನಿ. ಆವತ್ತ ಬಿಟ್ನಿ."

*

ಹನ್ನೊಂದಕ್ಕೆ ಚೇತನಕುಮಾರ ಬಂದ. ವಿಜಯಪುರದಲ್ಲಿ ಹಳೆ ಸಾಮಾನಿನ ವ್ಯಾಪಾರಿ; ತಂತಿಯ ಮೇಲಿದ್ದ ಅಚ್ಚುಗಳನ್ನು ಹೊಡೆಸುತ್ತಿದ್ದವನು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಫೋನು. ಕುರ್ಚಿಯ ಧೂಳು ನೋಡಿ, ಸಂಗುವಿನ ಮುಖ ನೋಡಿ, ಕೂತ.

"ಶುಕ್ರವಾರ ಪೂರ್ತಿ ಅಂಗಡ್ಯಾಗ ಇದ್ದೆ ಮೇಡಂ. ಕ್ಯಾಮೆರಾ ಐತಿ, ನೋಡ್ರಿ."

"ನೋಡೇನಿ. ಮುರ್ತುಜಾಸಾಬರ ಹತ್ರ ಏನ ವ್ಯವಹಾರ?"

"ಲಿಂಬಿ ಹೆಂಗಸಿಂದು. ಒಂದು ಕಾಲಕ್ಕ ಇಂಡಿ ಲಿಂಬಿ ಮುಂಬೈಗೆ ಹೋಗೋ ಪೆಟ್ಟಿಗಿ ಮ್ಯಾಲ ಅದ ಲೇಬಲ್ ಇರ್ತಿತ್ತು. ಈಗ ದೊಡ್ಡ ಹೋಟೆಲ್‌ನವರು ಅಂಥಾದ್ದು ಗೋಡಿಗೆ ಹಾಕ್ತಾರ. ಕಲ್ಲಿಂದ, ಕೈಯಿಂದ ಹೊಡದ ಅಚ್ಚು. ಐವತ್ತ ಪ್ರತಿ ಹೇಳಿದ್ದೆ."

"ಐವತ್ತ ಯಾಕ? ಕಲ್ಲ ಐತಲ್ಲ. ಐನೂರು ಹೊಡೀಬಹುದು."

ಚೇತನಕುಮಾರ ನಕ್ಕ. "ಐನೂರು ಇದ್ರ ಯಾರು ತಗೋತಾರ್ರಿ? ಅದಕ್ಕ ಐವತ್ತಾದ ಕೂಡ್ಲೆ ಕಲ್ಲಿನ ಮ್ಯಾಲ ಮರಳ ಹಾಕಿ ಉಜ್ಜಬೇಕು. ಚಿತ್ರ ಪೂರಾ ಅಳಸಬೇಕು. ಅದು ಕರಾರು. ಶನಿವಾರ ಉಜ್ಜಾಕ ಸಾಬರು ಒಪ್ಪಿದ್ರು. ನಾ ಬಂದು ವಿಡಿಯೋ ಮಾಡ್ಕೊಳ್ಳಾವ ಇದ್ದೆ."

"ಅವರಿಗೆ ಬ್ಯಾಸರ ಆಗಲಿಲ್ಲೇನು?"

"ಅವರಿಗ್ಯಾಕ ಮೇಡಂ? ಒಂದು ಕೆಲಸ ಮುಗದ್ರ ಕಲ್ಲ ಉಜ್ಜಿ ಇನ್ನೊಂದು ಚಿತ್ರ ಬರಸೋದು ಆ ಧಂಧೆದಾಗ ಇದ್ದದ್ದ. ಸಾಬರು ಯಾಪಾರಿ."

ಫೈಲಿನಿಂದ ಒಂದು ದಪ್ಪ ಹಾಳೆ ತೆಗೆದ. ಪ್ರತಿ ಅಚ್ಚಿನ ಜೊತೆಗೂ ಕೊಡುವ ಪತ್ರ. ಸಂಗು ಬಗ್ಗಿ ಓದಿದ: ಚಿತ್ರ ಹಾಗೂ ಅಚ್ಚು — ಮುರ್ತುಜಾಸಾಬ, ಇಂಡಿ.

"ಇದನ್ನ ಯಾರಿಗೆ ತೋರ್ಸಿದ್ರಿ?" ಸುವರ್ಣಾಳ ದನಿ ಬದಲಾಯಿತು.

"ಯಾರಿಗೂ... ಹಾಂ, ತಾಂಬಾದ ಬಸಂತರಾಯ ಮುತ್ಯಾಗ. ಹಳೆ ಲೇಬಲ್ ಸಿಗ್ತಾವೇನಂತ ಗುರುವಾರ ಹೋಗಿದ್ದೆ. ಕಲ್ಲ ಉಜ್ಜೋದೂ ಹೇಳಿದೆ."

"ಏನಂದ?"

"ಏನೂ ಅನ್ನಲಿಲ್ರಿ. ಎರಡ ಸಲ ಓದಿದ. ಒಂದು ಗ್ಲಾಸ ಮಜ್ಜಿಗಿ ಕೊಟ್ಟ."

ಅವನು ಹೋದ ಮೇಲೆ ಸುವರ್ಣಾ ಕಟ್ಟೆಗೆ ಬಂದು ಗುಲನಾಜಳ ಪಕ್ಕದಲ್ಲೇ ಕೂತಳು. "ಬಸಂತರಾಯ ಯಾರು?"

"ನಮ್ಮ ಕಾಕಾ ಇದ್ದಂಗ್ರಿ. ಕಲ್ಲಿನ ಮ್ಯಾಲ ಚಿತ್ರಾ ಬರಿಯಾಂವ ಅವ, ಅಚ್ಚು ಹೊಡಿಯಾಂವ ಅಬ್ಬಾ. ನಲವತ್ತ ವರ್ಷ ಜ್ವಾಡಿ ಎತ್ತಿನಂಗ ಇದ್ರು."

"ಮತ್ತ ಯಾಕ ಬಿಟ್ಟ?"

"ಹನ್ನೊಂದು ವರ್ಷದ ಹಿಂದ ಮಾತಿಗೆ ಮಾತು ಬೆಳೀತು. ಲೇಬಲ್ ಮ್ಯಾಲ ಪ್ರೆಸ್ಸಿನ ಹೆಸರ ಅಷ್ಟ ಇರ್ತಿತ್ತು. ನಂದೂ ಹಾಕು ಅಂದ ಕಾಕಾ. ಲಿಂಬಿ ತಿನ್ನಾವ ಹೆಸರ ಓದಂಗಿಲ್ಲ ಅಂದ ಅಬ್ಬಾ. ಕಾಕಾ ಕೈಯಾಗಿನ ಗೋಂದು ಟವೆಲಿಗೆ ಒರಸಿ, ಜಾಡಿಸಿ ಹೆಗಲಿಗೆ ಹಾಕ್ಕೊಂಡು ಹೋದ. ಬರಲೇ ಇಲ್ಲ." ಒಂದು ಕ್ಷಣ ತಡೆದಳು. "ನಿನ್ನೆ ಮಣ್ಣಿಗೆ ಬಂದಿದ್ದ. ಹೋಗಾಗ, ಆ ಲಿಂಬಿ ಕಲ್ಲ ನನಗ ಕೊಡು ಮಗಳ ಅಂದ."

"ಮಣ್ಣಾದ ದಿನಾನ?"

"ಮಣ್ಣ ಕೈಯಾಗಿಂದು ಇನ್ನೂ ಒಣಗಿರಲಿಲ್ರಿ."

*

ತಾಂಬಾದಲ್ಲಿ ಬಿಸಿಲು ನೆತ್ತಿಯ ಮೇಲಿತ್ತು. ಬಸಂತರಾಯ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಎಪ್ಪತ್ತೈದಾದರೂ ಬೆನ್ನು ಬಾಗಿರಲಿಲ್ಲ. ಹೆಂಡತಿ ಸತ್ತು ಬಹಳ ವರ್ಷ. ಮಕ್ಕಳಿಲ್ಲ. ಜೀಪು ಕಂಡು ಏಳಲಿಲ್ಲ. ಹತ್ತಿರ ಬಂದ ಮೇಲೆ ಕೈ ಮುಗಿದ.

"ಮುತ್ಯಾ, ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?"

"ಇದ ಕಟ್ಟಿ ಮ್ಯಾಲ."

"ಯಾರರ ನೋಡ್ಯಾರೇನು?"

"ಎರಡು ಆಡು ನೋಡ್ಯಾವ. ಅಲ್ಲದಾವ, ಕೇಳ್ರಿ."

ಸಂಗುವಿಗೆ ನಗು ಬಂತು. ಸುವರ್ಣಾಳಿಗೆ ಬರಲಿಲ್ಲ.

"ಪ್ರೆಸ್ಸಿಗೆ ಹೋಗಿ ಎಷ್ಟ ದಿನ ಆತು?"

"ದಿನ ಅಲ್ರಿ, ವರ್ಷ. ಹನ್ನೊಂದು. ನಿನ್ನೆ ಮಣ್ಣಿಗೆ ಹೋದಾಗೂ ಆ ಹೊಸ್ತಿಲಾ ತುಳೀಲಿಲ್ಲ."

"ಮನ್ಯಾಗ ಸಣ್ಣಪುಟ್ಟ ಕೆಲಸಾ ಮಾಡ್ತಿರಬೇಕು?"

"ಯಾತರದು? ಅಲ್ಲಿಂದ ಎದ್ದು ಬಂದ ಮ್ಯಾಲ ಕಲ್ಲ ಮುಟ್ಟಿಲ್ಲ, ಮಸಿ ಮುಟ್ಟಿಲ್ಲ, ಗೋಂದ ಮುಟ್ಟಿಲ್ಲ. ಈ ಕೈ ಈಗ ಆಡಿಗೆ ಸೊಪ್ಪ ಮುರಿಯಾಕ ಅಷ್ಟ."

"ಚೇತನಕುಮಾರ ತೋರ್ಸಿದ ಕಾಗದ ಓದಿದ್ರಂತ?"

"ಓದೇನಿ. ಅಕ್ಷರ ದುಂಡಗಿದ್ದವು."

ಸುವರ್ಣಾ ನೀರು ಕೇಳಿದಳು. ಬಸಂತರಾಯ ಒಳಗೆ ಹೋಗಿ ತಂಬಿಗೆ ತಂದ. ತಂಬಿಗೆ ಕೊಟ್ಟು, ಹೆಗಲ ಮೇಲಿನ ಟವೆಲಿನ ತುದಿಗೆ ಕೈ ಒರಸಿದ. ಆ ತುದಿ ಒಣಗಿದ ಮುತ್ತಲೆಲೆಯಂತೆ ಪಟಪಟ ಅಂದಿತು.

"ಟವೆಲಿಗೂ ಗಂಜಿ ಹಾಕೀರೇನ ಮುತ್ಯಾ?" ಸಂಗು ಚೇಷ್ಟೆ ಮಾಡಿದ. "ನಮ್ಮ ಯೂನಿಫಾರ್ಮ್ ಸುದ್ದಾ ಇಷ್ಟು ಖಡಕ್ ಇಲ್ಲ."

"ವಯಸ್ಸಾದವರು ಖಡಕ್ ಇರಬೇಕಪಾ. ಇಲ್ಲಂದ್ರ ಮಂದಿ ಮಡಚಿ ಇಡ್ತಾರ."

ಟವೆಲಿನ ಇನ್ನೊಂದು ತುದಿ ಅವನ ಎದೆಯ ಮೇಲೆ ಮೆತ್ತಗೆ ಜೋಲಾಡುತ್ತಿತ್ತು. ಸಂಗು ಅದನ್ನೂ ನೋಡಿದ. ನೋಡಿ ಮರೆತ.

ಜೀಪು ತಿರುಗಿಸುವಾಗ ಸುವರ್ಣಾ ಇಬ್ಬರು ಪೇದೆಗಳಿಗೆ ಫೋನ್ ಮಾಡಿದಳು. "ತಾಂಬಾಕ್ಕ ಬರ್ರಿ. ಪಂಚರನ್ನ ಕರಕೊಳ್ರಿ. ಮುತ್ಯಾನ ಹೆಗಲಮ್ಯಾಲಿನ ಟವೆಲ್ ಹೆಂಗೈತೋ ಹಂಗ ಜಪ್ತಿ ಮಾಡ್ರಿ. ನೀರು ತಾಗಬಾರದು. ಮುತ್ಯಾನ್ನ ಪ್ರೆಸ್ಸಿಗೆ ಕರಕೊಂಡ ಬರ್ರಿ."

"ಟವೆಲ್ಲೇನ್ರಿ ಮೇಡಂ?" ಎಂದ ಸಂಗು.

"ಟವೆಲ್."

*

ನಾಲ್ಕು ಗಂಟೆ. ಪ್ರೆಸ್ಸಿನ ಬಾಗಿಲ ಮೊಹರು ಒಡೆದರು. ಒಳಗಿನ ಗಾಳಿ ಕೆಟ್ಟಿತ್ತು. ನೆಲದ ಕಲೆಯ ಮೇಲೆ ಯಾರೋ ಸುಣ್ಣದ ಪುಡಿ ಚೆಲ್ಲಿದ್ದರು. ಕಲ್ಲುಗಳ ಮೇಲಿನ ಉಲ್ಟಾ ಮುಖಗಳು ತಮ್ಮನ್ನೇ ನೋಡುತ್ತಿವೆ ಅನ್ನಿಸಿ ಸಂಗು ಕಿಟಕಿಯ ಕಡೆ ನಿಂತ. ತೌಸಿಫನನ್ನೂ ಕರೆತಂದಿದ್ದರು. ಸಂಜೆಯೊಳಗೆ ಬಂಧನ ಆಗಲೇಬೇಕು. ಇನ್ನು ಎರಡು ತಾಸು.

ಸುವರ್ಣಾ ಹೆಣದ ಪಕ್ಕದಲ್ಲಿದ್ದ ಸಣ್ಣ ಕಲ್ಲನ್ನು ತೋರಿಸಿದಳು. "ಇದರ ಮ್ಯಾಲ ಏನೈತಿ?"

"ಏನೂ ಇಲ್ರಿ," ಎಂದಳು ಗುಲನಾಜ. "ಅಬ್ಬಾ ಗುರುವಾರ ಉಜ್ಜಿಟ್ಟಿದ್ದು. ಹಿಂಗ ಬತ್ತಲೆ ಇದ್ದಾಗ ಕಲ್ಲಿಗೆ ಎಣ್ಣಿ ಹಸಿವು ಬಾಳ. ಒಂದು ಬೆರಳ ತಾಗಿದ್ರೂ ಅದರ ಜಿಡ್ಡು ಕುಡೀತೈತಿ. ಜಿಡ್ಡಿದ್ದಲ್ಲಿ ಮಸಿ ಹಿಡೀತೈತಿ, ನೀರಿದ್ದಲ್ಲಿ ಹಿಡಿಯಂಗಿಲ್ಲ. ಕಲ್ಲಚ್ಚ ಅಂದ್ರ ಅಷ್ಟ್ರಿ."

"ಮಸಿ ಹಚ್ಚಾಕ ಬರತೈತಿ?"

"ನೋಡಿ ಕಲ್ತೇನಿ. ಅಬ್ಬಾ ಕಲಸಲಿಲ್ಲ. ಬ್ಯಾಡಂತಾನೂ ಅನ್ನಲಿಲ್ಲ."

ಅವಳು ಕಲ್ಲಿಗೆ ತೆಳ್ಳಗೆ ಗೋಂದು ಬಳಿದಳು. ಒಣಗಲು ಬಿಟ್ಟಳು. ತೊಳೆದಳು. ಒದ್ದೆ ಬಟ್ಟೆ ಆಡಿಸಿ, ರೋಲರ್ ಉರುಳಿಸಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಕಲ್ಲಿನ ಒಳಗಿನಿಂದ ಒಂದು ಕೈ ಮೇಲೆದ್ದು ಬಂತು.

ಅಂಗೈ. ಐದು ಬೆರಳು. ಕಪ್ಪಗೆ, ಸ್ಪಷ್ಟವಾಗಿ. ಕಿರುಬೆರಳು ಸೊಟ್ಟ.

ಕಬಡ್ಡಿಯಲ್ಲಿ ಮುರಿದುಕೊಂಡ ತನ್ನ ಕಿರುಬೆರಳನ್ನು ಸಂಗು ಮೆಲ್ಲಗೆ ಮಡಚಿಕೊಂಡ.

"ಮೇಡಂ, ನಾ ಬರೇ ಎತ್ತಿಟ್ಟೇ—"

"ಗೊತ್ತೈತಿ. ಸುಮ್ಮನಿರ್ರಿ. ಬ್ಯಾರೆ ಕೈ ಐತೇನ ನೋಡವ್ವಾ?"

"ಇಲ್ರಿ. ಇದೊಂದ."

"ತೌಸಿಫ, ಆ ಹಲಗಿ ಮ್ಯಾಲಿಂದ ಯಾವುದರ ಒಂದು ಸಣ್ಣ ಕಲ್ಲ ಇಳಿಸು."

ತೌಸಿಫ ಹೋದ. ಒಂದು ಕಲ್ಲಿನ ಮುಖದ ಮೇಲೆ ಬಲ ಅಂಗೈ ಊರಿ, ಎಡಗೈ ಕೆಳಗೆ ಕೊಟ್ಟು, ಎದೆಗವುಚಿ ಇಳಿಸಿದ. ಥೇಟ್ ಸಂಗುವಿನ ಹಾಗೆ.

"ಈಗ ನೀವು."

ಗುಲನಾಜ ಇಳಿಸಿದಳು. ಎರಡೂ ಕೈ ಎರಡು ಅಂಚಿಗೆ. ಅಂಗೈ ಕಲ್ಲಿನ ಮುಖವನ್ನು ಸೋಕಲೇ ಇಲ್ಲ. ತಾನು ಹಾಗೆ ಹಿಡಿದೆ ಎಂಬುದೂ ಅವಳಿಗೆ ಗೊತ್ತಿದ್ದಂತಿರಲಿಲ್ಲ.

ಹೊರಗೆ ಜೀಪು ನಿಂತಿತು. ಬಸಂತರಾಯ ಹೊಸ್ತಿಲ ಬಳಿ ಬಂದು ನಿಂತ. ಹೆಗಲು ಖಾಲಿ. ಅವನ ಕಣ್ಣು ಯಾರನ್ನೂ ನೋಡಲಿಲ್ಲ. ಸೀದಾ ಯಂತ್ರದ ಮೇಲಿನ ಕಲ್ಲಿಗೆ ಹೋಯಿತು.

"ಒಳಗ ಬರ್ರಿ ಮುತ್ಯಾ," ಎಂದಳು ಸುವರ್ಣಾ. "ಹೊಸ್ತಿಲಾ ತುಳಿದಾಗೇತಿ. ಇನ್ಯಾಕ ಸಂಕೋಚ?"

*

"ಶುಕ್ರವಾರ ಇಲ್ಲಿಗೆ ಬಂದಾಂವ ತೌಸಿಫ ಅಲ್ಲ," ಅವಳು ನಿಧಾನವಾಗಿ ಹೇಳಿದಳು. "ಕಲ್ಲ ಜಾರಿ ಬಿದ್ದಂಗ ಕಾಣಲಿ ಅಂತ ಹಲಗಿ ಮ್ಯಾಲಿಂದ ಇಳಿಸಿದಾಂವಗ ಅಂಚು ಹಿಡಿಯೋದು ಗೊತ್ತಿತ್ತು. ಗಾಬ್ರ್ಯಾಗ ಸುದ್ದಾ ಅವನ ಕೈ ಕಲ್ಲಿನ ಮಾರಿ ಮುಟ್ಟಲಿಲ್ಲ. ಅಂದ್ರ ಈ ಧಂಧೆದಾಂವ."

"ಇಂಡ್ಯಾಗ ಕಲ್ಲಿನ ಕೆಲಸ ಬಲ್ಲವರು ಮತ್ತ್ಯಾರೂ ಇಲ್ಲೇನ್ರಿ?" ಬಸಂತರಾಯ ಕೇಳಿದ.

"ಗುಲನಾಜ ಇದ್ದಾಳ. ಆ ಹೊತ್ತಿಗೆ ಆಕಿ ಪರೀಕ್ಷಾ ಕೋಣ್ಯಾಗ, ಮೂವತ್ತು ಹುಡುಗರ ಮುಂದ." ಸುವರ್ಣಾ ದೊಡ್ಡ ಕಲ್ಲಿನ ಹತ್ತಿರ ಹೋದಳು. "ಗುಲನಾಜವ್ವಾ, ಅಚ್ಚು ಹೊಡಿಯೋದು ನಡು ನಿಲ್ಲಿಸಿದ್ರ ಏನ ಮಾಡ್ತಾರ?"

"ಗೋಂದು ಬಳದು, ಬಟ್ಟಿಲೆ ತೆಳ್ಳಗ ಒರಸ್ತಾರ್ರಿ. ಇಲ್ಲಂದ್ರ ಕಲ್ಲ ಒಣಗಿ ಚಿತ್ರ ಕೆಡತೈತಿ."

"ನಿಮ್ಮ ಅಬ್ಬಾ ಮೂವತ್ತೊಂದು ಅಚ್ಚು ಹೊಡದ್ರು. ರೋಲರಿಗೆ ಹಸಿ ಮಸಿ. ಮೂವತ್ತೆರಡನೇದಕ್ಕ ತಯಾರು. ಅಷ್ಟರಾಗ ಬಿದ್ರು. ಮತ್ತ ಈ ಕಲ್ಲಿಗೆ ಗೋಂದು ಹಚ್ಚಿದ್ಯಾರು?"

ತೌಸಿಫ ಯಂತ್ರದ ಮೇಲಿನ ಕಲ್ಲಿನ ಕಡೆ ತಿರುಗಿದ.

"ಅಬ್ಬಾನೇ ನಿಲ್ಲಿಸಿ ಹಚ್ಚಿರಬಹುದಲ್ರಿ?" ಗುಲನಾಜ ಕೇಳಿದಳು. ಅವಳ ಕಣ್ಣು ಬಸಂತರಾಯನ ಮೇಲಿತ್ತು. ಹೌದು ಅಂದುಬಿಡಲಿ ಎಂಬಂತಿತ್ತು ಆ ದನಿ.

"ಹಚ್ಚಿದ್ರ ಹಾಳಿ ಮ್ಯಾಲ ಒದ್ದಿ ಗೋಣಿ ತಟ್ಟೂ ಹಾಕ್ತಿದ್ರು. ಅಚ್ಚು ಹೊಡಿಯಾಂವಗ ಕಲ್ಲ ಎಷ್ಟೋ ಹಾಳೀನೂ ಅಷ್ಟ. ಇಲ್ಲಿ ಹಾಳಿ ಒಣಗಿ ಸುರುಳಿ ಸುತ್ಯಾವ. ಗೋಂದು ಹಚ್ಚಿದಾಂವಗ ಹಾಳಿ ನೆನಪ ಆಗಲಿಲ್ಲ. ರೋಲರ್ ನೆನಪ ಆಗಲಿಲ್ಲ. ಅವಗ ಬೇಕಾದ್ದು ಚಿತ್ರ ಒಂದ." ಅವಳು ಮೊಳೆಗೆ ಕೈ ತೋರಿಸಿದಳು. "ಒರಸೋ ಬಟ್ಟಿ ಅಲ್ಲೈತಿ. ಗೋಂದು ಒಣಗಿದ್ರ ಅದು ಹಪ್ಪಳ ಆಗಬೇಕಿತ್ತು. ಮೆತ್ತಗೈತಿ. ಅಂದ್ರ ಬ್ಯಾರೆ ಬಟ್ಟಿ. ನಲವತ್ತ ವರ್ಷ ಹೆಗಲ ಮ್ಯಾಲಿನ ಟವೆಲಿಗೇ ಗೋಂದು ಒರಸಿದ ಕೈ, ಮೊಳಿ ಕಡೆ ಹೋಗಲಿಲ್ಲ. ಟವೆಲಿನ ತುದಿ ಖಡಕ್ ಇರೋದು ಮುತ್ಯಾಗ ರೂಢಿ. ಅದಕ್ಕ ಕಣ್ಣಿಗೇ ಬೀಳಲಿಲ್ಲ. ಆದ್ರ ಹನ್ನೊಂದು ವರ್ಷದಿಂದ ಗೋಂದು ಮುಟ್ಟದಾಂವನ ಟವೆಲ್ ಖಡಕ್ ಯಾಕ ಮುತ್ಯಾ? ಗಂಜಿ ಆದ್ರ ಪೂರಾ ಬಟ್ಟಿ ಖಡಕ್ ಆಗಬೇಕು. ನಿಮ್ಮದು ಒಂದ ತುದಿ."

ಪೇದೆ ಕಾಗದದ ಲಕೋಟೆ ತೆರೆದು ಹಿಡಿದ. ಟವೆಲಿನ ಬಿರುಸಾದ ತುದಿಯಲ್ಲಿ ಗೋಂದಿನ ಜೊತೆ ಕಪ್ಪು ಮಸಿಯ ಎಳೆಯೂ ಇತ್ತು. ಲ್ಯಾಬಿನವರು ಮುಂದಿನದನ್ನು ಹೇಳುತ್ತಿದ್ದರು. ಹೇಳುವ ಅಗತ್ಯ ಬೀಳಲಿಲ್ಲ.

ಬಸಂತರಾಯ ಯಂತ್ರದ ಹತ್ತಿರ ಬಂದ. ಯಾರೂ ತಡೆಯಲಿಲ್ಲ. ಅಂಚಿನ ಸಣ್ಣ ಅಕ್ಷರದ ಮೇಲೆ, ಮುಟ್ಟದೆ, ಒಂದು ಕೂದಲೆಳೆ ಮೇಲೆ ಬೆರಳು ಹಿಡಿದ.

"ಓದೀರೇನು?"

"ಫೋಟೊ ತಿರುವಿ ಓದೇನಿ. 'ಬಸಂತ' ಅಂತೈತಿ," ಎಂದಳು ಸುವರ್ಣಾ.

"ಹಾಳಿ ಅಲ್ಲೀತನಕಾ ಬರ್ತಿರಲಿಲ್ಲ. ಅಷ್ಟು ನೋಡೇ ಹಾಳಿ ಕತ್ತರಸ್ತಿದ್ದ ಅವ. ಲಕ್ಷಗಟ್ಟಲೆ ಲೇಬಲ್ ಹೋದವು. ಒಂದರ ಮ್ಯಾಲೂ ನಾ ಇಲ್ಲ. ಕಲ್ಲಿನ ಮ್ಯಾಲ ಅಷ್ಟ ಇದ್ದೆ." ಬೆರಳು ಹಿಂದಕ್ಕೆ ತೆಗೆದ. "ಉಜ್ಜಬ್ಯಾಡ ಅಂದೆ. ಮರಳ ತಂದಾಗೇತಿ ಅಂದ. ಇದು ಯಾಪಾರ ಬಸ್ಯಾ, ಮನಸಿಗೆ ಹಚಗೋಬ್ಯಾಡ ಅಂದ. ದಬ್ಬಿದೆ. ಒಂದ ಸಲ. ಹಿಂದಕ್ಕ ಹೋಗಿ ಬಿದ್ದ."

"ಆಮ್ಯಾಲ?"

"ಕಲ್ಲ ಒಣಗಾಕತ್ತಿತ್ತು."

ಅಷ್ಟೇ ಹೇಳಿದ. ತೌಸಿಫ ಗೋಡೆಗೆ ಒರಗಿ ಕೂತ. ಗುಲನಾಜ ಒಂದು ಹೆಜ್ಜೆ ಮುಂದೆ ಬಂದಳು.

"ಕಾಕಾ, ಗೋಂದು ಹಚ್ಚಾಗ ಅಬ್ಬಾಗ ಜೀವ ಇತ್ತೇನು?"

ಬಸಂತರಾಯ ಕಲ್ಲನ್ನು ನೋಡುತ್ತಲೇ ನಿಂತ. ಡಾಕ್ಟರು ಹೇಳಿದ ಅರ್ಧ ತಾಸು ಸಂಗುವಿಗೆ ನೆನಪಾಯಿತು. ಗೋಂದು ಬಳಿಯಬೇಕು, ತೆಳ್ಳಗೆ ಒರಸಬೇಕು, ಗೆರೆ ಉಳಿಯದಂತೆ ಮತ್ತೆ ಒರಸಬೇಕು. ಆಸ್ಪತ್ರೆ ಅಲ್ಲಿಂದ ನಾಲ್ಕು ನಿಮಿಷದ ದಾರಿ.

"ನರಳತಿದ್ದ," ಎಂದ ಬಸಂತರಾಯ.

*

ತೌಸಿಫನ ಹೇಳಿಕೆಯ ಕಡೆಯ ಸಾಲಿಗೆ ಸಹಿ ಹಾಕಿಸಿ ಅವನನ್ನು ಬಿಟ್ಟರು. ಪಂಚನಾಮೆ ಬರೆಯುವ ಪಾಳಿ ಸಂಗುವಿನದು. ಜಪ್ತಿ ಮಾಡಿದ ವಸ್ತುಗಳ ಪಟ್ಟಿಯನ್ನು ಅವನು ಗಟ್ಟಿಯಾಗಿ ಓದಿದ:

"ಒಂದು, ಬಿಳಿ ಟವೆಲ್. ಎರಡು, ಸಣ್ಣ ಕಲ್ಲು, ಅದರ ಮೇಲೆ... ಹವಾಲ್ದಾರರ ಕೈಯ ಗುರುತು." ಅವಸರದಲ್ಲಿ ಮುಂದಿನ ಸಾಲಿಗೆ ಬಂದ. "ಮೂರು, ದೊಡ್ಡ ಅಚ್ಚಿನ ಕಲ್ಲು, ಅದರ ಮೇಲೆ ಲಿಂಬೆ ಬುಟ್ಟಿ ಹೊತ್ತ ಹೆಂಗಸಿನ ಚಿತ್ರ. ಸದರಿ ಚಿತ್ರ ಬರೆದವರು: ಬಸಂತರಾಯ, ಸಾಕಿನ್ ತಾಂಬಾ."

"ಅದನ್ನ ತೋರ್ಸಪಾ," ಎಂದ ಬಸಂತರಾಯ.

ಸಂಗು ಹಾಳೆ ಕೊಟ್ಟ. ಮುದುಕ ಮೂರನೆಯ ಸಾಲನ್ನು ಎರಡು ಸಲ ಓದಿದ. ಕೆಳಗೆ ಸಹಿ ಹಾಕಿದ.

ಕಲ್ಲನ್ನು ಜೀಪಿಗೆ ಸಾಗಿಸಲು ಐದು ಮಂದಿ ಬೇಕಾಯಿತು. ಇಬ್ಬರು ಪೇದೆಗಳು, ಸಂಗು, ಡ್ರೈವರ್. ಐದನೆಯವನಿಗಾಗಿ ಅತ್ತಿತ್ತ ನೋಡುವಾಗ ತೌಸಿಫ ಎದ್ದು ಬಂದ. ಯಾರೂ ಕರೆದಿರಲಿಲ್ಲ. ಬಗ್ಗಿ, ಹೆಂಗಸಿನ ಮುಖದ ಮೇಲೆ ಅಂಗೈ ಚಾಚಿದ.

"ಅಂಚಿಗೆ ಹಿಡಿ!"

ಎರಡು ದನಿ ಒಟ್ಟಿಗೇ ಬಂದವು. ಒಂದು ಬಸಂತರಾಯನದು. ಇನ್ನೊಂದು ಗುಲನಾಜಳದು.